ಎರಡು ಚೀಟಿಗಳ ನಡುವೆ ನುಸುಳುವ ಗುಟ್ಕಾ

ಕೂಡ್ಲಿಗಿಯ ಬಸ್ ನಿಲ್ದಾಣದ ಬಳಿ ಯಾವುದಾದರೂ ಗೂಡಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಕೆಲಸಕ್ಕೆ ಹೊರಟವನೊಬ್ಬ ಬಂದು ಚಿಲ್ಲರೆ ಇಡುತ್ತಾನೆ, ಬಾಯಿಬಿಟ್ಟು ಏನೂ ಕೇಳುವುದಿಲ್ಲ. ಅಂಗಡಿಯಾಕೆ ತೂಗುಬಿಟ್ಟ ಸರದಿಂದ ಒಂದು ಚೀಟಿ, ಪಕ್ಕದ ಸರದಿಂದ ಇನ್ನೊಂದು ಸಣ್ಣ ಚೀಟಿ ಹರಿದು ಕೊಡುತ್ತಾಳೆ. ಆತ ಎರಡರ ತುದಿಯನ್ನೂ ಹಲ್ಲಿನಲ್ಲಿ ಕಚ್ಚಿ ಹರಿದು, ಸಣ್ಣದನ್ನು ದೊಡ್ಡದರೊಳಗೆ ಸುರಿದು, ಬಾಯಿ ಮುಚ್ಚಿ ಹಿಡಿದು ನಾಲ್ಕು ಸಲ ಕುಲುಕುತ್ತಾನೆ. ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ಹಾಕಿಕೊಂಡು ನಡೆಯುತ್ತಾನೆ. ಖಾಲಿ ಚೀಟಿಗಳು ಚರಂಡಿ ಸೇರುತ್ತವೆ.

ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿರುವುದು 2013ರ ಮೇ 31ರಿಂದ, ಅದೂ ವಿಶ್ವ ತಂಬಾಕುರಹಿತ ದಿನದಂದು. ಆದರೂ ನಿತ್ಯ ಬೆಳಿಗ್ಗೆ ಆ ನಾಲ್ಕು ಕುಲುಕಿನಲ್ಲಿ ಗುಟ್ಕಾ ತಯಾರಾಗುತ್ತಿದೆ. ಮೊದಲ ಚೀಟಿಯಲ್ಲಿರುವುದು ತಂಬಾಕಿಲ್ಲದ ಪಾನ್ ಮಸಾಲಾ, ಎರಡನೆಯದರಲ್ಲಿರುವುದು ಬರೀ ತಂಬಾಕು. ಬೇರೆಬೇರೆಯಾಗಿ ತೂಗಿದಾಗ ಎರಡೂ ಸಾಚಾ ಸರಕಿನ ವೇಷದಲ್ಲಿರುತ್ತವೆ. ಕಾರ್ಖಾನೆಯಲ್ಲಿ ಬೆರೆಸಿದರೆ ಅಪರಾಧವಾಗುವುದನ್ನು ಗಿರಾಕಿಯ ಕೈಯಲ್ಲೇ ಬೆರೆಸುವಂತೆ ಮಾಡಿದ್ದಾರೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಅಕ್ರಮ ತಂಬಾಕು ಎಂದರೆ ಮುಖ್ಯವಾಗಿ ಇದೇ. ಹಡಗಿನಲ್ಲಿ ಬರುವ ಕಳ್ಳ ಸಿಗರೇಟಿನ ಪೆಟ್ಟಿಗೆಗಳ ಸುದ್ದಿ ಪತ್ರಿಕೆಯಲ್ಲಿ ದೊಡ್ಡದಾಗಿ ಬರುತ್ತದೆ. ನಮ್ಮ ಊರುಗಳನ್ನು ಕೆಡಿಸುತ್ತಿರುವುದು ಈ ಜೋಡಿ ಚೀಟಿ.

ಈ ಜಾಣತನ ಹುಟ್ಟಿದ್ದು ಹೇಗೆಂದು ತಿಳಿಯಲು ಕಾನೂನನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಗುಟ್ಕಾ ನಿಷೇಧ ನಿಂತಿರುವುದು ತಂಬಾಕು ಕಾಯ್ದೆಯ ಮೇಲಲ್ಲ, ಆಹಾರ ಕಾಯ್ದೆಯ ಮೇಲೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2011ರಲ್ಲಿ ಬಂದ ನಿಯಮವೊಂದು, ಯಾವುದೇ ಆಹಾರ ಪದಾರ್ಥದಲ್ಲಿ ತಂಬಾಕನ್ನಾಗಲಿ ನಿಕೋಟಿನ್ ಅನ್ನಾಗಲಿ ಬೆರೆಸಕೂಡದು ಎಂದು ಹೇಳಿತು. ಪಾನ್ ಮಸಾಲಾ ಆಹಾರ, ಆದ್ದರಿಂದ ಅದಕ್ಕೆ ತಂಬಾಕು ಬೆರೆಸಿದ ಗುಟ್ಕಾ ಕಾನೂನುಬಾಹಿರ. 2012ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶ ಮೊದಲು ಈ ನಿಯಮವನ್ನು ಜಾರಿಗೆ ತಂದಿತು. ಕೇರಳ, ಮಹಾರಾಷ್ಟ್ರ ಅದೇ ವರ್ಷ ತಂದವು, ಮರುವರ್ಷ ನಮ್ಮ ರಾಜ್ಯ. ನಿಷೇಧದ ಸುದ್ದಿಯ ಹಿಂದೆಯೇ ಎರಡು ಚೀಟಿಗಳು ಅಂಗಡಿಗೆ ಬಂದವು. ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 23ರ ಆದೇಶದಲ್ಲಿ ಈ ಕಸರತ್ತನ್ನು ಗುರುತಿಸಿ, ನಿಷೇಧವನ್ನು ಪಾಲಿಸಲೇಬೇಕೆಂದು ರಾಜ್ಯಗಳಿಗೆ ಹೇಳಿತು. ಆದೇಶ ಬಂದು ವರ್ಷಗಳೇ ಉರುಳಿದವು. ಸರಗಳು ಇನ್ನೂ ತೂಗುತ್ತಿವೆ.

ಇನ್ನೊಂದು ತೊಡಕಿದೆ. ಆಹಾರ ಕಾಯ್ದೆಯ 30ನೇ ಕಲಮಿನಡಿ ಆಯುಕ್ತರು ಒಂದು ಪದಾರ್ಥವನ್ನು ನಿಷೇಧಿಸಬಹುದಾದದ್ದು ಒಮ್ಮೆಗೆ ಒಂದು ವರ್ಷ ಮಾತ್ರ. ಹೀಗಾಗಿ ಈ ಕಲಮನ್ನು ನೆಚ್ಚಿಕೊಂಡ ರಾಜ್ಯಗಳು ವರ್ಷ ವರ್ಷವೂ ಹೊಸ ಆದೇಶ ಹೊರಡಿಸಬೇಕು, ಪ್ರತಿ ಆದೇಶವನ್ನೂ ಯಾರಾದರೂ ಕೋರ್ಟಿಗೆ ಎಳೆಯಬಹುದು. 2023ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ನಿಷೇಧವನ್ನು ರದ್ದು ಮಾಡಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಜನರ ಬಾಯಿಗೆ ಹುಣ್ಣು ತರುವ ಸರಕನ್ನು ತಡೆಯುವ ಕಾನೂನು ಇಷ್ಟು ಸಡಿಲವಾದ ಗೂಟಕ್ಕೆ ಕಟ್ಟಿಕೊಂಡಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ತೆರಿಗೆ ಪಟ್ಟಿ ಇದಕ್ಕಿಂತ ವಿಚಿತ್ರ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಪಾನ್ ಮಸಾಲಾಕ್ಕೆ ಶೇ 28ರ ಮೇಲೆ ಶೇ 60 ಸೆಸ್, ತಂಬಾಕು ಬೆರೆತ ಗುಟ್ಕಾಕ್ಕೆ ಶೇ 204 ಸೆಸ್ ಎಂದು ಬರೆದರು. ಆಹಾರ ಇಲಾಖೆ ಇಲ್ಲವೆಂದ ಸರಕಿಗೆ ತೆರಿಗೆ ಪುಸ್ತಕದಲ್ಲಿ ಒಂದು ಸಾಲು ಇತ್ತು. ಕದ್ದು ಮಾರುವವನಿಗೆ ಇದರಿಂದ ಸಿಗುವ ಲಾಭದ ಲೆಕ್ಕ ಕಷ್ಟವೇನಲ್ಲ. ಬಿಲ್ಲಿಲ್ಲದೆ ಒಂದು ಚೀಲ ದಾಟಿಸಿದರೆ ಸರ್ಕಾರಕ್ಕೆ ಹೋಗಬೇಕಾದ ಅಷ್ಟೂ ದುಡ್ಡು ನಡುವಿನವರ ಜೇಬಿಗೆ. ನಮ್ಮ ಕಡೆ ಅದನ್ನು ‘ಎರಡನೇ ನಂಬರ್ ಮಾಲು’ ಎನ್ನುತ್ತಾರೆ. ಕಣ್ಣಿಗೆ ಅದು ಒಂದನೇ ನಂಬರಿನ ಹಾಗೇ ಕಾಣುತ್ತದೆ. ಎಷ್ಟೋ ಸಲ ಅದೇ ಕಾರ್ಖಾನೆಯದ್ದೇ ಇರುತ್ತದೆ. ಹಗಲಿನ ಪಾಳಿಯ ಸರಕು ಲೆಕ್ಕಕ್ಕೆ ಸೇರುತ್ತದೆ, ರಾತ್ರಿ ಪಾಳಿಯದು ಸೇರುವುದಿಲ್ಲ.

ಚೀಟಿ ತುಂಬುವ ಯಂತ್ರ ಒಂದು ನಿಮಿಷದಲ್ಲಿ ನೂರಾರು ಚೀಟಿ ಉದುರಿಸುತ್ತದೆ. ಅವನ್ನು ಎಣಿಸಲು ಯಾವ ಅಧಿಕಾರಿಯಿಂದಲೂ ಆಗದು. ಇದನ್ನರಿತ ಕೇಂದ್ರ ಅಬಕಾರಿ ಇಲಾಖೆ 2008ರಲ್ಲೇ ಪಾನ್ ಮಸಾಲಾಕ್ಕೆ ಬೇರೊಂದು ದಾರಿ ಹಿಡಿದಿತ್ತು. ಚೀಟಿ ಎಣಿಸುವುದನ್ನು ಬಿಟ್ಟು ಯಂತ್ರ ಎಣಿಸುವುದು. ಇಂಥ ಯಂತ್ರ ತಿಂಗಳಿಗೆ ಇಷ್ಟು ಚೀಟಿ ತಯಾರಿಸಬಲ್ಲದು ಎಂದು ಸರ್ಕಾರವೇ ಲೆಕ್ಕ ಹಾಕಿ, ಓಡಿಸಲಿ ಬಿಡಲಿ, ಅಷ್ಟಕ್ಕೆ ಸುಂಕ ಕಟ್ಟು ಎನ್ನುತ್ತಿತ್ತು. ಜಿಎಸ್‌ಟಿ ಬಂದ ಮೇಲೆ ಆ ಪದ್ಧತಿ ನಿಂತಿತು. 2026ರ ಫೆಬ್ರುವರಿ 1ರಿಂದ ಅದು ಹೊಸ ರೂಪದಲ್ಲಿ ಮರಳಿದೆ. ಪರಿಹಾರ ಸೆಸ್ ಹೋಗಿ ಸಿಗರೇಟು, ಜಗಿಯುವ ತಂಬಾಕು, ಪಾನ್ ಮಸಾಲಾಗಳಿಗೆ ಶೇ 40 ಜಿಎಸ್‌ಟಿ, ಬೀಡಿಗೆ ಶೇ 18. ಅದರ ಮೇಲೆ ಸಿಗರೇಟಿಗೆ ಉದ್ದ ನೋಡಿ ಸಾವಿರಕ್ಕೆ 2,050ರಿಂದ 8,500 ರೂಪಾಯಿವರೆಗೆ ಅಬಕಾರಿ ಸುಂಕ. ಪಾನ್ ಮಸಾಲಾಕ್ಕೂ ಜಗಿಯುವ ತಂಬಾಕಿಗೂ ಯಂತ್ರದ ವೇಗ ನೋಡಿ ಸೆಸ್ ಅಥವಾ ಸುಂಕ. ನನ್ನ ಮಟ್ಟಿಗೆ, ಅಕ್ರಮ ತಂಬಾಕಿನ ವಿರುದ್ಧ ಈಚೆಗೆ ಇಟ್ಟ ಹೆಜ್ಜೆಗಳಲ್ಲಿ ಸರಿಯಾದ ಜಾಗಕ್ಕೆ ಕೈ ಹಾಕಿದ್ದು ಇದೊಂದೇ. ಆದರೆ ನೋಂದಣಿಯಾದ ಯಂತ್ರಕ್ಕಷ್ಟೇ ಈ ಲೆಕ್ಕ. ಊರ ಹೊರಗಿನ ಗೋದಾಮಿನಲ್ಲಿ ತಗಡಿನ ಹಿಂದೆ ಓಡುವ ಯಂತ್ರವನ್ನು ಹುಡುಕಲು ಕಾಲಿಗೆ ಕೆಲಸ ಕೊಡಲೇಬೇಕು.

ಕಾರ್ಖಾನೆಯಿಂದ ಹೊರಬಿದ್ದ ಮಾಲು ನಮ್ಮತ್ತ ಬರುವ ದಾರಿ ಹಲವು. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಕೂಡ್ಲಿಗಿ ಮೇಲೇ ಹಾದುಹೋಗುತ್ತದೆ. ಹರಪನಹಳ್ಳಿಗೆ ದಾವಣಗೆರೆ, ಹರಿಹರದ ರಸ್ತೆ. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಗದಗ, ಹಾವೇರಿ ಜಿಲ್ಲೆಗಳು. ಸರಕು ಸಾಗಣೆಯ ದಾಖಲೆಯಾದ ಇ-ವೇ ಬಿಲ್ ಬೇಕಾಗುವುದು ಐವತ್ತು ಸಾವಿರ ರೂಪಾಯಿ ದಾಟಿದ ಸರಕಿಗೆ. ರಾಜ್ಯದೊಳಗಿನ ಸಾಗಣೆಗೂ 2018ರ ಏಪ್ರಿಲ್ 1ರಂದೇ ಇದನ್ನು ತಂದ ಮೊದಲ ರಾಜ್ಯ ನಮ್ಮದು. ಅದನ್ನು ತಪ್ಪಿಸಲು ಮಾಲನ್ನು ಮುರಿಯುತ್ತಾರೆ. ಒಂದು ಲಾರಿಯಲ್ಲಿ ಬರಬೇಕಾದ್ದು ಸಣ್ಣ ಬಿಲ್ಲುಗಳಾಗಿ, ಬಸ್ಸಿನ ಪಾರ್ಸಲ್ಲುಗಳಾಗಿ, ಬಿಸ್ಕತ್ತು–ಸೋಪಿನ ಪೆಟ್ಟಿಗೆಗಳ ನಡುವಿನ ಚೀಲಗಳಾಗಿ ಬರುತ್ತದೆ. ಪಟ್ಟಣದ ಹೋಲ್‌ಸೇಲ್ ಅಂಗಡಿಯಿಂದ ಹಳ್ಳಿಗೆ ಲೈನ್ ಗಾಡಿಯೋ ಬೈಕೋ ಒಯ್ಯುತ್ತದೆ. ಕೊಡುವುದು ಉದ್ರಿ, ಕಾಗದಪತ್ರ ಏನೂ ಇಲ್ಲ. ಮುಂದಿನ ವಾರ ಬಂದು ದುಡ್ಡು ಎಣಿಸಿಕೊಂಡು ಹೊಸ ಸರ ತೂಗುಹಾಕಿ ಹೋಗುತ್ತಾರೆ.

ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸಾಯಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಕಾಲು ಶತಮಾನದಲ್ಲಿ ಮೂರು ಸಲ ಜಿಲ್ಲಾ ಕಚೇರಿಯ ವಿಳಾಸ ಬದಲಾದ ತಾಲ್ಲೂಕು ಇದು. ಮಾಲು ತರುವವನಿಗೆ ಜಿಲ್ಲೆಯ ಗಡಿ ಒಂದು ಬೋರ್ಡು, ಅಷ್ಟೇ. ತಡೆಯಬೇಕಾದವರಿಗೆ ಅದು ಗೋಡೆ. ಈ ಐದೂ ತಾಲ್ಲೂಕುಗಳಿಗೂ ಸುತ್ತಲಿನ ಜಿಲ್ಲೆಗಳಿಗೂ ಸೇರಿಸಿ ಒಂದೇ ತಂಡ ಇರಬೇಕೆಂದು ನಾನು ಹೇಳುವುದು ಇದಕ್ಕೇ.

ಇನ್ನು ದಾಳಿ ನಡೆಯುವ ಬಗೆ. ಜಿಲ್ಲಾ ತಂಬಾಕು ನಿಯಂತ್ರಣ ಕೋಶ, ಆರೋಗ್ಯ ಇಲಾಖೆ, ಪೊಲೀಸರು, ಕೆಲವೊಮ್ಮೆ ಕಂದಾಯ ಇಲಾಖೆ ಸೇರಿ ಒಂದು ದಿನ ಪೇಟೆ ಬೀದಿಗೆ ಇಳಿಯುತ್ತಾರೆ. ಅವರ ಕೈಲಿರುವುದು ಹೆಚ್ಚಾಗಿ 2003ರ ತಂಬಾಕು ನಿಯಂತ್ರಣ ಕಾಯ್ದೆ, ಎಲ್ಲರ ಬಾಯಲ್ಲಿ ‘ಕೋಟ್ಪಾ’. ಅದರಡಿ ಶಾಲೆಯ ಹತ್ತಿರ ಮಾರಿದರೆ, ಮಕ್ಕಳಿಗೆ ಕೊಟ್ಟರೆ ದಂಡ 200 ರೂಪಾಯಿ ಮೀರುವಂತಿರಲಿಲ್ಲ. ಕರ್ನಾಟಕ ತನ್ನ ಮಟ್ಟಿಗೆ ತಿದ್ದುಪಡಿ ಮಾಡಿ 2025ರ ಮೇ ತಿಂಗಳಿಂದ ದಂಡವನ್ನು 1,000 ರೂಪಾಯಿವರೆಗೆ ಏರಿಸಿತು, ಕೊಳ್ಳುವವರ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಬಿಡಿ ಸಿಗರೇಟು ಮಾರುವುದನ್ನು ನಿಲ್ಲಿಸಿತು, ಹುಕ್ಕಾ ಬಾರ್ ನಡೆಸಿದರೆ ಜೈಲು ಎಂದಿತು. ಎಳೆಯ ಮಕ್ಕಳಿಗೆ ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ ಇದೆ. ಇದನ್ನು ಬಲ್ಲ ಅಂಗಡಿಯವರು ಬಹಳ ಕಡಿಮೆ.

ನನಗೆ ಪರಿಚಯದ ಗೂಡಂಗಡಿಯ ಹೆಂಗಸೊಬ್ಬಳಿದ್ದಾಳೆ. ಗಂಡ ತೀರಿಕೊಂಡ ಮೇಲೆ ಅಂಗಡಿ ಹಿಡಿದವಳು. ಕೊಟ್ಟೂರು ಬಸವೇಶ್ವರನ ಫೋಟೊದ ಹಿಂದೆ ದಂಡದ ರಸೀದಿ ಮಡಚಿ ಇಟ್ಟಿದ್ದಳು. “ಯಕ್ಕಾ, ಈ ಸರ ಯಾಕ ತೂಗಬಿಡ್ತೀಯ, ತೆಗಿಬಾರ್ದಾ?” ಎಂದೆ. “ತೆಗಿತೀನಪ್ಪ. ದಂಡ ನಾನಾ ಕಟ್ಟಿದ್ದು. ತಂದು ಹಾಕೋನು ಗುರುವಾರ ಗುರುವಾರ ಇದಾ ದಾರ್ಯಾಗ ಬರ್ತಾನ. ಅವನ್ನ ಯಾರೂ ನಿಂದ್ರಿಸಿ ಬಿಲ್ ಎಲ್ಲೈತಿ ಅಂತ ಕೇಳ್ಲಿಲ್ಲ ನೋಡು” ಎಂದಳು. ರಸೀದಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಫೋಟೊದ ಹಿಂದಿಟ್ಟಳು.

ಈ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಆಹಾರ ಕಾಯ್ದೆಯಡಿ ಗುಟ್ಕಾ ಮೊಕದ್ದಮೆ ಹೂಡಬೇಕಾದವರು ಆಹಾರ ಸುರಕ್ಷತಾಧಿಕಾರಿಗಳು. ಅವರು ಮಾದರಿ ತೆಗೆದು, ಮೊಹರು ಹಾಕಿ, ಪ್ರಯೋಗಾಲಯಕ್ಕೆ ಕಳಿಸಿ, ವರದಿ ಬಂದ ಮೇಲೆ ಮುಂದುವರಿಯಬೇಕು. ಜನ ಕಡಿಮೆ, ಹಾಲು ಎಣ್ಣೆಯ ಕಲಬೆರಕೆಯಿಂದ ಹಿಡಿದು ಹೋಟೆಲಿನ ಅಡುಗೆಮನೆವರೆಗೆ ಎಲ್ಲವೂ ಅವರ ತಲೆಯ ಮೇಲೆ. ಬಿಲ್ ಕೇಳಬೇಕಾದದ್ದು ವಾಣಿಜ್ಯ ತೆರಿಗೆ ಇಲಾಖೆ. ಯಂತ್ರ ಹುಡುಕಬೇಕಾದದ್ದು ಕೇಂದ್ರದ ಇಲಾಖೆ. ಪೊಲೀಸರಿಗೆ ಸುಲಭವಾಗಿ ಕೈಗೆ ಸಿಗುವುದು ಕೋಟ್ಪಾ ದಂಡದ ಪುಸ್ತಕ, ಎದುರಿಗೆ ಸಿಗುವುದು ಗೂಡಂಗಡಿ. ಹೀಗೆ ಸರಪಳಿಯ ಕೊನೆಯ ಕೊಂಡಿಯನ್ನೇ ಮತ್ತೆ ಮತ್ತೆ ಹಿಡಿಯುತ್ತಿದ್ದೇವೆ.

ತಂಬಾಕನ್ನು ಲೆಕ್ಕ ಇಡಲು ಆಗುವುದೇ ಇಲ್ಲವೇ? ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ, ರಾಮನಾಥಪುರದ ಕಡೆ ಹೋಗಿ ನೋಡಿ. 1975ರ ತಂಬಾಕು ಮಂಡಳಿ ಕಾಯ್ದೆಯಡಿ ಅಲ್ಲಿ ಸಿಗರೇಟು ತಂಬಾಕು ಬೆಳೆಯುವ ರೈತ ನೋಂದಾಯಿಸಿಕೊಳ್ಳಬೇಕು, ಅವನ ಬ್ಯಾರನ್‌ಗೆ ಲೈಸೆನ್ಸ್ ಬೇಕು, ಎಷ್ಟು ಬೆಳೆಯಬಹುದೆಂಬ ಮಿತಿ ಇದೆ, ಬೇಲ್ ಕಟ್ಟಿ ಮಂಡಳಿಯ ಹರಾಜು ಕಟ್ಟೆಗೇ ತರಬೇಕು. ನೋಂದಣಿ ಕಾರ್ಡ್ ಇಲ್ಲದವನ ಸೊಪ್ಪು ಅಲ್ಲಿ ಅಕ್ರಮ, ಅದನ್ನು ಮಾರಲು ಅವಕಾಶ ಕೊಡಿ ಎಂದು ಪ್ರತಿ ವರ್ಷ ಹೋರಾಟ. ಬಡ ರೈತನ ಸೊಪ್ಪನ್ನು ಕೆ.ಜಿ. ಲೆಕ್ಕದಲ್ಲಿ ಹಿಂಬಾಲಿಸುವ ದೇಶ, ಚೀಟಿಯ ತಂಬಾಕನ್ನು ಮಾತ್ರ ಗಾಳಿಗೆ ಬಿಟ್ಟಿದೆ. ನಿಪ್ಪಾಣಿ ಕಡೆಯ ಬೀಡಿ ತಂಬಾಕಿಗೂ ಜಗಿಯುವ ತಂಬಾಕಿಗೂ ಆ ಮಂಡಳಿಯ ಹರಾಜು ಪದ್ಧತಿ ಅನ್ವಯಿಸುವುದಿಲ್ಲ. ಹೊಲದಲ್ಲಿ ಇಡಬಹುದಾದ ಲೆಕ್ಕವನ್ನು ಕಾರ್ಖಾನೆಯ ಬಾಗಿಲಲ್ಲೂ ಇಡಬಹುದು.

ಅಕ್ರಮ ತಂಬಾಕಿನ ಸುತ್ತ ನಡೆಯುವ ವಾದದಲ್ಲಿ ಅತಿ ಜೋರಾಗಿ ಕೇಳುವ ದನಿ ಸಿಗರೇಟು ಉದ್ಯಮದ್ದು. ತೆರಿಗೆ ಏರಿಸಿದರೆ ಕಳ್ಳಸಾಗಣೆ ಹೆಚ್ಚುತ್ತದೆ, ಪ್ಯಾಕಿನ ಮೇಲೆ ದೊಡ್ಡ ಚಿತ್ರ ಹಾಕಿದರೆ ಗಿರಾಕಿ ಚಿತ್ರವಿಲ್ಲದ ಕಳ್ಳ ಮಾಲಿಗೆ ಹೋಗುತ್ತಾನೆ, ಆದ್ದರಿಂದ ಎರಡನ್ನೂ ತಗ್ಗಿಸಿ ಎಂಬುದು ಅವರ ಮಾತು. ಪ್ಯಾಕಿನ ಶೇ 85 ಭಾಗದಲ್ಲಿ ಎಚ್ಚರಿಕೆ ಇರಬೇಕೆಂಬ ನಿಯಮ 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ ವಿರುದ್ಧದ ಮೊಕದ್ದಮೆಗಳು ನಮ್ಮ ಹೈಕೋರ್ಟಿಗೇ ಬಂದವು. 2017ರ ಡಿಸೆಂಬರ್ 15ರಂದು ಹೈಕೋರ್ಟ್ ನಿಯಮವನ್ನು ರದ್ದು ಮಾಡಿತು, ಮರು ಜನವರಿ 8ರಂದು ಸುಪ್ರೀಂ ಕೋರ್ಟ್ ತಡೆ ನೀಡಿದ್ದರಿಂದ ಚಿತ್ರಗಳು ಉಳಿದವು. ದೇಶದ ಸಿಗರೇಟು ಮಾರುಕಟ್ಟೆಯ ನಾಲ್ಕನೇ ಒಂದು ಭಾಗದಷ್ಟು ಅಕ್ರಮ ಎಂದು ಉದ್ಯಮ ಹೇಳಿಕೊಂಡು ಬಂದಿದೆ. ಅರ್ಥಶಾಸ್ತ್ರಜ್ಞರಾದ ರಿಜೊ ಜಾನ್ ಮತ್ತು ಹಾನಾ ರಾಸ್ ಭಾರತದ ನಗರಗಳ ಅಂಗಡಿಗಳಿಂದ ಖಾಲಿ ಪ್ಯಾಕುಗಳನ್ನು ಸಂಗ್ರಹಿಸಿ ಒಂದೊಂದಾಗಿ ಪರಿಶೀಲಿಸಿದಾಗ ಸಿಕ್ಕ ಪಾಲು ಶೇ 2.73. ಎಲ್ಲಿಯ ಕಾಲುಭಾಗ, ಎಲ್ಲಿಯ ಮೂರು ಪೈಸೆ! ಅಕ್ರಮದ ಗಾತ್ರವನ್ನು ಮಾರುವವರೇ ಅಳೆದರೆ ಅಳತೆ ಅವರ ಕಡೆಗೇ ವಾಲುತ್ತದೆ. ತೆರಿಗೆ ಏರಿದಾಗ ಕದಿಯುವ ಆಸೆ ಏರುತ್ತದೆ ಎಂಬುದು ನಿಜ. ಅದಕ್ಕೆ ಮದ್ದು ಕಾವಲು ಬಿಗಿಗೊಳಿಸುವುದು. ಬ್ರಿಟನ್ 2000ದಲ್ಲಿ ಕಳ್ಳಸಾಗಣೆ ವಿರುದ್ಧ ಪಡೆ ಕಟ್ಟಿತು, ಸಿಗರೇಟು ತೆರಿಗೆಯನ್ನು ಏರಿಸುತ್ತಲೇ ಅಕ್ರಮದ ಪಾಲನ್ನು ಅರ್ಧಕ್ಕೆ ಇಳಿಸಿತು.

ಪೂರ್ತಿ ನಿಷೇಧವೇ ಪರಿಹಾರ ಎನ್ನುವವರ ಕಳಕಳಿ ನನಗೆ ಅರ್ಥವಾಗುತ್ತದೆ. ಭೂತಾನ್ 2004ರಲ್ಲಿ ತಂಬಾಕು ಮಾರಾಟವನ್ನೇ ನಿಲ್ಲಿಸಿತ್ತು. ಭಾರತದ ಗಡಿಯಿಂದ ಕಳ್ಳ ಮಾಲು ನುಗ್ಗಿತು. ಕೊರೊನಾ ಕಾಲದಲ್ಲಿ ಆ ಕಳ್ಳದಾರಿಯಿಂದ ಸೋಂಕೂ ಬಂದೀತೆಂದು ಹೆದರಿ 2021ರಲ್ಲಿ ನಿಷೇಧ ತೆಗೆಯಿತು. ಅದೇ ದಿನಗಳಲ್ಲಿ ನಮ್ಮೂರಿನಲ್ಲೂ ಐದು ರೂಪಾಯಿಯ ಚೀಟಿ ಇಪ್ಪತ್ತಕ್ಕೆ ಕೈ ಬದಲಾಯಿಸಿದ್ದನ್ನು ನಾನು ನೋಡಿದ್ದೇನೆ. ಸರಪಳಿಯ ಮೇಲ್ತುದಿ ಹಾಗೇ ಇದ್ದು ಕೆಳತುದಿಗೆ ಮಾತ್ರ ಬೀಗ ಹಾಕಿದರೆ ಬೆಲೆ ಏರುತ್ತದೆ, ಚಟ ಇಳಿಯುವುದಿಲ್ಲ.

ಪಾನ್ ಮಸಾಲಾದ ಮುಖ್ಯ ಪದಾರ್ಥವೇ ಅಡಿಕೆ, ಹಾಗಾಗಿ ಅದರ ಬೆಳೆಗಾರರ ಮಾತು ಇನ್ನೂ ಸೂಕ್ಷ್ಮ. 2013ರಲ್ಲಿ ನಿಷೇಧ ಬಂದಾಗ ಮಲೆನಾಡಿನಲ್ಲೂ ಚನ್ನಗಿರಿ ಕಡೆಯೂ ಧಾರಣೆ ಬಿದ್ದೀತೆಂಬ ಭಯ ಹುಟ್ಟಿತು. ಆ ಭಯವನ್ನು ಹಗುರ ಮಾಡಲಾರೆ, ಸಾವಿರಾರು ಮನೆಗಳ ಅನ್ನ ಅದು. ಆದರೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ, ತಂಬಾಕಿಲ್ಲದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ 2004ರಲ್ಲೇ ವರದಿ ಪ್ರಕಟಿಸಿದೆ. ಹಾಗಾಗಿ ಮೊದಲ ಚೀಟಿ ಸಾಚಾ, ಎರಡನೆಯದು ಮಾತ್ರ ಕೆಟ್ಟದ್ದು ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಮಾವಾದ ಮಾತು ಹೇಳದಿದ್ದರೆ ಈ ಲೇಖನ ಅರೆಬರೆ. ಅಡಿಕೆ ಚೂರು, ತಂಬಾಕು, ಸುಣ್ಣ ಮೂರನ್ನೂ ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಕಿ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಬಿಸಿ ಮಾಡಿ, ಪುಡಿಕೆ ಕಟ್ಟಿ ಕೊಡುತ್ತಾರೆ. ಇದಕ್ಕೆ ಕಾರ್ಖಾನೆ ಇಲ್ಲ, ಹೆಸರಿಲ್ಲ, ಚಿತ್ರವಿಲ್ಲ, ತೆರಿಗೆಯೂ ಇಲ್ಲ. ಯಂತ್ರ ಎಣಿಸುವ ನಿಯಮ ಇಲ್ಲಿ ಕೆಲಸಕ್ಕೆ ಬಾರದು. ಜೋಡಿ ಚೀಟಿ ದುಬಾರಿಯಾದಷ್ಟೂ ಹುಡುಗರು ಮಾವಾದ ಕಡೆ ಹೊರಳುವ ಅಪಾಯವಿದೆ. ಇದನ್ನು ತಡೆಯಬಲ್ಲದ್ದು ಸ್ಥಳೀಯ ಸಂಸ್ಥೆಯ ಕೈಯಲ್ಲಿರುವ ಲೈಸೆನ್ಸ್ ಮಾತ್ರ. ತಂಬಾಕು ಮಾರುವ ಅಂಗಡಿಗೆ ಪ್ರತ್ಯೇಕ ಪರವಾನಗಿ ಇರಲಿ, ಅಲ್ಲಿ ಚಿಪ್ಸ್, ಪೆಪ್ಪರ್‌ಮೆಂಟು, ಬಿಸ್ಕತ್ತು ಮಾರುವಂತಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಸಲಹೆ ಕೊಟ್ಟಿದೆ. ಪೆಪ್ಪರ್‌ಮೆಂಟಿಗೆ ಬಂದ ಹುಡುಗ ಮಾವಾ ತಿಕ್ಕುವುದನ್ನು ನೋಡುತ್ತ ನಿಲ್ಲಬಾರದು ಎಂಬುದೇ ಅದರ ಉದ್ದೇಶ. ಪರವಾನಗಿ ಬಂದರೆ ಗೂಡಂಗಡಿಯಾಕೆ ಯಾರಿಂದ ಮಾಲು ತಂದಳೆಂಬ ಬಿಲ್ ಇಟ್ಟುಕೊಳ್ಳಬೇಕಾಗುತ್ತದೆ. ಗುರುವಾರದ ಬೈಕಿನವನೂ ಆಗ ಬಿಲ್ ತರಲೇಬೇಕು.

ಕಾರ್ಖಾನೆಯ ಕಡೆಯಿಂದ ಬೇಕಾದ್ದು ಪ್ರತಿ ಪ್ಯಾಕಿಗೂ ಒಂದು ಗುರುತು. ಅಕ್ರಮ ತಂಬಾಕು ವ್ಯಾಪಾರ ತಡೆಗೆ 2012ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 2018ರ ಜೂನ್‌ನಲ್ಲಿ ಸೇರಿದೆ, ಅದೇ ಸೆಪ್ಟೆಂಬರ್‌ನಲ್ಲಿ ಅದು ಜಾರಿಗೂ ಬಂದಿದೆ. ಎಲ್ಲಿ ತಯಾರಾಯಿತು, ಯಾವ ಯಂತ್ರದಲ್ಲಿ, ಯಾವತ್ತು, ಯಾರಿಗೆ ಹೋಗಬೇಕಿತ್ತು ಎಂಬುದನ್ನೆಲ್ಲ ಹೇಳುವ, ಅಳಿಸಲಾಗದ ಗುರುತು ಪ್ಯಾಕಿನ ಮೇಲಿರಬೇಕು, ಆ ಕೆಲಸವನ್ನು ತಂಬಾಕು ಕಂಪನಿಗಳಿಗೇ ವಹಿಸಬಾರದು ಎಂದು ಅದು ಹೇಳುತ್ತದೆ. ಕೆನ್ಯಾ 2013ರಿಂದ ಇಂಥ ಮುದ್ರೆಯನ್ನು ಸಿಗರೇಟಿಗೆ ತಂದಿದೆ, ಅಂಗಡಿಯವನೇ ಮೊಬೈಲಿನಲ್ಲಿ ಪರೀಕ್ಷಿಸಬಹುದು. ನಮ್ಮಲ್ಲಿ ಸಿಗರೇಟಿನಷ್ಟೇ ಚೀಟಿಗೂ ಇದು ಬೇಕು. ಕರ್ನಾಟಕದ ವಯಸ್ಕರಲ್ಲಿ ಶೇ 8.8 ಮಂದಿ ಹೊಗೆ ಸೇದಿದರೆ ಶೇ 16.3 ಮಂದಿ ಹೊಗೆರಹಿತ ತಂಬಾಕು ಬಳಸುತ್ತಾರೆಂದು 2016–17ರ ರಾಷ್ಟ್ರೀಯ ಸಮೀಕ್ಷೆ ಹೇಳಿದೆ. ಚೀಟಿಯನ್ನು ಬಿಟ್ಟು ಸಿಗರೇಟಿಗಷ್ಟೇ ಗುರುತು ಹಾಕಿದರೆ ಹೆಚ್ಚು ಜನ ಬಳಸುವುದನ್ನೇ ಬಿಟ್ಟಂತಾಗುತ್ತದೆ.

ಅಷ್ಟರವರೆಗೆ ಊರಿನಲ್ಲಿ ಮಾಡಬಹುದಾದದ್ದು ಇದೆ. ಶಾಲೆಯ ಸುತ್ತ ನೂರು ಗಜದ ಹಳದಿ ಗೆರೆ ಮಳೆಗೆ ಅಳಿಸಿದ್ದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳಿ ಮತ್ತೆ ಬಳಿಸಬಹುದು. ಮಕ್ಕಳು ಅಂಗಡಿಯವರಿಗೆ ಗುಲಾಬಿ ಕೊಟ್ಟು ಮಾರಬೇಡಿ ಎಂದು ಕೇಳಿಕೊಳ್ಳುವ ‘ಗುಲಾಬಿ ಆಂದೋಲನ’ವನ್ನು ಆರೋಗ್ಯ ಇಲಾಖೆ ನಡೆಸುತ್ತದೆ. ಅದು ಒಂದು ದಿನದ ಫೋಟೊಗೆ ಮುಗಿಯದಂತೆ ಶಿಕ್ಷಕರು ನೋಡಿಕೊಳ್ಳಬಹುದು. ಶೇ 85ರ ಚಿತ್ರವಿಲ್ಲದ, ತಯಾರಕರ ವಿಳಾಸವಿಲ್ಲದ ಪ್ಯಾಕು ಕಂಡರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ತಂಬಾಕು ಕೋಶಕ್ಕೋ ಆಹಾರ ಸುರಕ್ಷತಾಧಿಕಾರಿಗೋ ಬರೆದು ಕೊಡಿ. ಅಂಗಡಿಯ ಹೆಸರಿನ ಜೊತೆಗೆ ಮಾಲು ತರುವ ಗಾಡಿಯ ನಂಬರನ್ನೂ ಬರೆಯಿರಿ.

ಬಿಡಬೇಕೆನ್ನುವವರಿಗೆ ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356 ಉಚಿತ ಸಂಖ್ಯೆ ಇದೆ. ಮನೆಯಲ್ಲಿ ಚೀಟಿ ಹಾಕುವವರಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿಸಿ. ಅವರದೇ ನಡುವಿನ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲು ಹೇಳಿ. ಸಾಮಾನ್ಯವಾಗಿ ಮೂರೂ ಹಿಡಿಸುತ್ತವೆ. ನನ್ನ ಸೋದರಮಾವನಿಗೆ ಎರಡೇ ಹಿಡಿಸುತ್ತಿದ್ದವು. ಖಾರ ತಾಕಿದರೆ ಉರಿ, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದ, ಹಲ್ಲು ನೋವೆಂದು ಎರಡು ವರ್ಷ ಸುಮ್ಮನಿದ್ದ. ಅಡಿಕೆಯಿಂದ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ಈ ಕಾಯಿಲೆ ಕ್ಯಾನ್ಸರಿಗೆ ತಿರುಗಬಹುದು. ಎರಡೇ ಬೆರಳು ಹಿಡಿಸಿದರೆ, ಎರಡು ವಾರ ದಾಟಿದರೂ ಮಾಯದ ಹುಣ್ಣು ಇದ್ದರೆ, ಬಿಳಿ ಮಚ್ಚೆ ಕಂಡರೆ ಮೊದಲು ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಿಗೆ ತೋರಿಸಿ. ಅವರು ಬರೆದುಕೊಟ್ಟರೆ ಬಳ್ಳಾರಿಗೋ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಬೆಂಗಳೂರಿನ ಕಿದ್ವಾಯಿಗೋ ಹೋಗುವುದನ್ನು ಜಾತ್ರೆ, ಸುಗ್ಗಿ ಎಂದು ಮುಂದೂಡಬೇಡಿ.